ಹೊಲಿಗೆಯ ಹಿಂದೆ ಉಳಿದ ದೋಷ

ಹಸುವಿನ ಹಿಂದಿನಿಂದ ಕೆಂಪಗೆ ಏನಾದರೂ ಇಳಿಬಿದ್ದರೆ ‘ಮೈ ಹೊರಗೆ ಬಂತು’ ಎನ್ನುತ್ತೇವೆ. ಆ ಒಂದು ಮಾತಿನೊಳಗೆ ಎರಡು ಕಾಯಿಲೆಗಳಿವೆ. ಈಯುವುದಕ್ಕೆ ಕೆಲವು ವಾರ ಮೊದಲು, ಹಸು ಮಲಗಿದಾಗ ಹೊರಗಿಣುಕುವುದು ಯೋನಿಯ ಭಾಗ. ಕರು ಹಾಕಿದ ಕೆಲವೇ ಗಂಟೆಗಳಲ್ಲಿ, ಚೀಲವನ್ನು ಒಳಮೈ ಹೊರಗಾಗಿ ಮಗುಚಿದಂತೆ ಜೋತುಬೀಳುವುದು ಗರ್ಭಕೋಶ. ಮಾಂಸಕ್ಕಾಗಿ ದನ ಸಾಕುವವರು ಇವೆರಡನ್ನೂ ಒಂದೇ ಎಂದು ಬಗೆದರೆ, ಉಳಿಸಬೇಕಾದ ಹಸುವನ್ನು ಮಾರಿ ತಳಿಗೆ ಸಲ್ಲದ ಹಸುವನ್ನು ಉಳಿಸಿಕೊಳ್ಳುತ್ತಾರೆ ಎಂಬುದೇ ನನ್ನ ವಾದ.

ಭಯ ಹುಟ್ಟಿಸುವುದು ಎರಡನೆಯದು. ಇಂಗ್ಲೆಂಡಿನ ಯಾರ್ಕ್‌ಶೈರ್ ರೈತರು ಗರ್ಭಕೋಶವನ್ನು ‘ಕಾಫ್ ಬೆಡ್’, ಅಂದರೆ ಕರುವಿನ ಹಾಸಿಗೆ ಎನ್ನುತ್ತಿದ್ದರು. ಎಷ್ಟು ಅಕ್ಕರೆಯ ಹೆಸರು! 1940ರಲ್ಲಿ ಅಲ್ಲಿನ ಥರ್ಸ್ಕ್ ಊರಿಗೆ ಬಂದ ಪಶುವೈದ್ಯ ಆಲ್ಫ್ ವೈಟ್, ಮುಂದೆ ಜೇಮ್ಸ್ ಹೆರಿಯಟ್ ಎಂಬ ಹೆಸರಿನಲ್ಲಿ ಅದನ್ನು ಒಳಸೇರಿಸುವ ಕೆಲಸದ ಕಷ್ಟವನ್ನು ಲೋಕಕ್ಕೆಲ್ಲ ತಿಳಿಸಿದರು. ಇಲ್ಲಿ ವೈದ್ಯ ಒಳಕ್ಕೆ ತಳ್ಳಿದಷ್ಟೂ ಹಸು ತಿಣುಕಿ ಹೊರಕ್ಕೆ ದೂಡುತ್ತದೆ. ಬಾವು ಇಳಿಯಲಿ ಎಂದು ಸಕ್ಕರೆ ಸುರಿಯುವುದುಂಟು. ಅದು ನೀರನ್ನು ಹೀರಿಕೊಳ್ಳುತ್ತದೆ. ಬಾಲದ ಬುಡದಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರೆ ತಿಣುಕುವುದು ನಿಲ್ಲುತ್ತದೆ. ಅಲ್ಲಿಂದಾಚೆಗೆ ಬೇಕಾದದ್ದು ತಾಳ್ಮೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದದ್ದೋ ಕರುವನ್ನು ಬಲವಂತವಾಗಿ ಎಳೆದದ್ದೋ ಇದಕ್ಕೆ ಕಾರಣವಾಗಿರಬಹುದು. ಇದು ಬಹುಮಟ್ಟಿಗೆ ಅಪಘಾತ. ಬೇಗ ಒಳಸೇರಿಸಿದರೆ ಹಸು ಚೇತರಿಸಿಕೊಂಡು ಮತ್ತೆ ಗಬ್ಬ ಕಟ್ಟಬಲ್ಲದು. ಅದನ್ನು ಇದೊಂದೇ ಕಾರಣಕ್ಕೆ ಮಾರುವುದು ಅನ್ಯಾಯ.

ಮೊದಲನೆಯದು, ಯೋನಿ ಹೊರಬರುವುದು, ಹಾಗಲ್ಲ; ಅದರ ಒಲವು ವಂಶದಲ್ಲಿ ಇಳಿದುಬರುತ್ತದೆ. ಹೆರೆಫರ್ಡ್ ತಳಿಯಲ್ಲಿ ಇದು ಹೆಚ್ಚೆಂದು ಬಹುಕಾಲದಿಂದ ಗೊತ್ತು. ಅಮೆರಿಕದ ಮೊಂಟಾನಾದ ಮೈಲ್ಸ್ ಸಿಟಿ ಸಂಶೋಧನಾ ಕೇಂದ್ರದ ವುಡ್‌ವರ್ಡ್ ಮತ್ತು ಕ್ವೆಸೆನ್‌ಬೆರಿ ಹೆರೆಫರ್ಡ್ ದನಗಳಲ್ಲಿ ಎರಡೂ ಬಗೆಯನ್ನು ಅಭ್ಯಸಿಸಿ 1956ರಲ್ಲಿ ವರದಿ ಪ್ರಕಟಿಸಿದರು. ಎರಡೇ ವರ್ಷಕ್ಕೆ, 1958ರಲ್ಲಿ, ಜರ್ಮನಿಯಲ್ಲಿ ಪಶುವೈದ್ಯ ಬ್ಯೂನರ್ ತಮ್ಮ ಹೊಲಿಗೆಯನ್ನು ವಿವರಿಸಿದರು: ಉದ್ದನೆಯ ಸೂಜಿಯಿಂದ ಅಗಲವಾದ ಪಟ್ಟಿಯನ್ನು ಯೋನಿದ್ವಾರದ ಸುತ್ತಲೂ ಚರ್ಮದಡಿ ಹಾಯಿಸಿ, ಸಂಚಿಯ ಬಾಯಿಗೆ ದಾರ ಎಳೆದಂತೆ ಬಿಗಿಯುವುದು. ಈಯುವ ಮುನ್ನ ಬಿಚ್ಚಿದರಾಯಿತು. ಎಷ್ಟು ಸೊಗಸಾದ ಕೆಲಸವೆಂದರೆ, ಕಾಯಿಲೆಯೇ ವಾಸಿಯಾಯಿತೆಂಬ ಭ್ರಮೆ ಹುಟ್ಟಿಸುತ್ತದೆ. ಮುಂದಿನ ಗಬ್ಬದಲ್ಲಿ ಅದು ಮರಳುವುದೇ ಹೆಚ್ಚು. ಕೊಬ್ಬು, ಇಳಿಜಾರು ನೆಲ, ಗಬ್ಬದ ಕೊನೆಯಲ್ಲಿ ಸಡಿಲಾಗುವ ಕಟ್ಟುಗಳು ಇವೂ ಕಾರಣವಲ್ಲವೇ ಎಂದು ಕೇಳಬಹುದು. ಹೌದು. ಆದರೆ ಅದೇ ಗೋಮಾಳದಲ್ಲಿ ಅದೇ ಮೇವು ತಿಂದ ಹೆಚ್ಚಿನ ಹಸುಗಳಿಗೆ ಹೀಗಾಗುವುದಿಲ್ಲ. ಹಾಗಾದರೆ ಬಡ ರೈತ ಗಬ್ಬದ ಹಸುವನ್ನು ಕಳೆದುಕೊಳ್ಳಬೇಕೇ? ಬೇಡ. ಹೊಲಿಗೆ ಹಾಕಿಸಲಿ, ಈಯಿಸಲಿ, ಕರು ಹಾಲು ಬಿಡುವವರೆಗೆ ಸಾಕಲಿ, ಆಮೇಲೆ ಮಾರಲಿ. ಆ ಕರು ಹೆಣ್ಣಾದರೆ ತಳಿಗೆ ಉಳಿಸಿಕೊಳ್ಳದೆ ಮೇಯಿಸಿ ಮಾರಬೇಕು. ಗಂಡಾದರೆ ಹೋರಿಯಾಗಿ ಬಿಡದೆ ಬೀಜ ಒಡೆಸಬೇಕು.