ಡಿಸ್ಕ್ ತುಂಬಿದೆ, ಆದ್ರೆ ಫೈಲೇ ಕಾಣ್ತಿಲ್ಲ!

ಇವತ್ತಿನ ಮಾತು ಪ್ರಾಕ್ಸಿ ಸರ್ವರ್‌ನ ಲಾಗ್ ಬಗ್ಗೆ. ಹೆಸರು ಕೇಳಿ ಸ್ಕಿಪ್ ಒತ್ತಬೇಡಿ, ಬಿಕಾಂ ಓದಿದ ನನಗೇ ಅರ್ಥ ಆಗಿದೆ ಅಂದ್ರೆ ನಿಮಗೆ ಖಂಡಿತ ಆಗುತ್ತೆ.

ಸಣ್ಣ ಆಫೀಸು, ಕಾಲೇಜು ಲ್ಯಾಬು, ಹಾಸ್ಟೆಲು, ಇಂಥ ಕಡೆ ಎಲ್ಲರ ಇಂಟರ್ನೆಟ್ಟೂ ಒಂದೇ ಬಾಗಿಲಿಂದ ಹೋಗಲಿ ಅಂತ ಸ್ಕ್ವಿಡ್ ಅನ್ನೋ ಉಚಿತ ಪ್ರಾಕ್ಸಿ ಹಾಕಿರ್ತಾರೆ. ಯಾವ ಕಂಪ್ಯೂಟರ್‌ನಿಂದ, ಯಾವಾಗ, ಯಾವ ಸೈಟಿಗೆ ಹೋದ್ರು ಅನ್ನೋದನ್ನ ಅದು ಆಕ್ಸೆಸ್ ಲಾಗ್‌ನಲ್ಲಿ ಸಾಲುಸಾಲಾಗಿ ಬರೆಯುತ್ತೆ. ನಮ್ಮ ಕಾಮರ್ಸ್ ಭಾಷೆಯಲ್ಲಿ ಅದು ಕಿರ್ದಿ ಪುಸ್ತಕ. ಹಳೇ ಪುಸ್ತಕ ಬೀರುವಿಗೆ ಹಾಕಿ ಹೊಸದು ತೆರೆಯೋದೇ ಲಾಗ್ ರೊಟೇಶನ್. ಲಿನಕ್ಸ್‌ನಲ್ಲಿ ಲಾಗ್‌ರೊಟೇಟ್ ಅನ್ನೋ ಪ್ರೋಗ್ರಾಂ ಸಾಮಾನ್ಯವಾಗಿ ದಿನಕ್ಕೊಮ್ಮೆ ಎದ್ದು ಈ ಕೆಲಸ ಮಾಡುತ್ತೆ.

ಕಳೆದ ವರ್ಷ ಒಂದು 19ನೇ ತಾರೀಖು ಸಂಜೆ, ಟ್ಯಾಕ್ಸ್ ಆಫೀಸು ನಡೆಸೋ ಗೆಳೆಯ ಫೋನ್ ಮಾಡಿದ. ಸರ್ವರ್ ಡಿಸ್ಕ್ ಶೇಕಡ 97 ತುಂಬಿದೆ. ಪೂರ್ತಿ ತುಂಬಿ ಲಾಗ್ ಬರೆಯೋಕೆ ಜಾಗ ಇಲ್ಲದಿದ್ರೆ ಸ್ಕ್ವಿಡ್ ನಿಂತೇ ಹೋಗುತ್ತೆ. ಮಾರನೇ ದಿನ 20, ಜಿಎಸ್‌ಟಿಆರ್-3ಬಿ ಹಾಕೋ ಕೊನೇ ದಿನ. ಅವನಿಗೆ ಬೆವರು ಕಿತ್ತುಬಂದಿತ್ತು.

ವಿಚಿತ್ರ ಏನಂದ್ರೆ, ಡಿಎಫ್ ಕಮಾಂಡ್ ಡಿಸ್ಕ್ ತುಂಬಿದೆ ಅನ್ನುತ್ತೆ. ಡಿಯು ಕಮಾಂಡ್‌ನಲ್ಲಿ ಫೈಲ್‌ಗಳನ್ನ ಕೂಡಿಸಿದ್ರೆ ಅರ್ಧನೂ ಇಲ್ಲ. ಲೆಕ್ಕ ತಾಳೆ ಆಗ್ತಿಲ್ಲ! ಬ್ಯಾಲೆನ್ಸ್ ಶೀಟ್ ನೋಡಿದವರಿಗೆ ಈ ಸಂಕಟ ಗೊತ್ತು.

ಕಾರಣ ಇಷ್ಟೇ. ಪ್ರೋಗ್ರಾಂ ಒಮ್ಮೆ ಫೈಲ್ ತೆರೆದ ಮೇಲೆ ಅದರ ಹೆಸರನ್ನ ಮತ್ತೆ ನೋಡಲ್ಲ, ಕೈಯಲ್ಲಿರೋ ಪುಸ್ತಕದಲ್ಲೇ ಬರೀತಾ ಹೋಗುತ್ತೆ. ಲಾಗ್‌ರೊಟೇಟ್ ಹಳೇ ಫೈಲಿನ ಹೆಸರು ಬದಲಿಸಿ, ಜಿಜಿಪ್ ಮಾಡಿ, ಮೂಲ ಅಳಿಸಿತ್ತು. ‘ಗುಮಾಸ್ತರೇ, ಹೊಸ ಪುಸ್ತಕ ತಗೊಳ್ಳಿ’ ಅಂತ ಸ್ಕ್ವಿಡ್‌ಗೆ ಯಾರೂ ಹೇಳಿರಲಿಲ್ಲ. ಅಳಿಸಿದ ಫೈಲಿಗೇ ಅದು ವಾರಗಟ್ಟಲೆ ಬರೀತಿತ್ತು. ಲಿನಕ್ಸ್‌ನಲ್ಲಿ ಫೈಲನ್ನ ಯಾರೋ ಹಿಡಿದಿರೋ ತನಕ ಅದರ ಜಾಗ ವಾಪಸ್ ಬರಲ್ಲ. ಎಲ್‌ಎಸ್‌ಓಎಫ್ ಪ್ಲಸ್ ಎಲ್ 1 ಅಂತ ಕೊಟ್ಟರೆ ಇಂಥ ‘ಡಿಲೀಟೆಡ್’ ಫೈಲ್‌ಗಳು ಸಿಕ್ಕಿಬೀಳ್ತವೆ.

‘ರೀಸ್ಟಾರ್ಟ್ ಮಾಡ್ಲಾ?’ ಅಂದ. ತಡಿ ಅಂದೆ. ರೀಸ್ಟಾರ್ಟ್ ಮಾಡಿದ್ರೆ ಜಾಗ ಸಿಗುತ್ತೆ ನಿಜ, ಆದ್ರೆ ಆ ವಾರಗಳ ದಾಖಲೆ ಶಾಶ್ವತವಾಗಿ ಮಾಯ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಪ್ರಕಾರ ಕಂಪನಿಗಳು ತಮ್ಮ ಸಿಸ್ಟಂಗಳ ಲಾಗ್ 180 ದಿನ ಇಟ್ಟುಕೊಳ್ಳಬೇಕು. ಹಾಗಾಗಿ ಮೊದಲು ಪ್ರೊಕ್ ಡೈರೆಕ್ಟರಿಗೆ ಹೋದ್ವಿ. ಅಲ್ಲಿ ಆ ಪ್ರೋಸೆಸ್ ನಂಬರ್, ಅದರೊಳಗೆ ಎಫ್‌ಡಿ, ಅದರೊಳಗೆ ಎಲ್‌ಎಸ್‌ಓಎಫ್ ತೋರಿಸಿದ ನಂಬರ್. ಅಳಿಸಿಹೋದ ಫೈಲ್ ಅಲ್ಲಿ ಇನ್ನೂ ಜೀವಂತ! ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿಕೊಂಡು, ಆಮೇಲೆ ಸ್ಕ್ವಿಡ್ ಮೈನಸ್ ಕೆ ರೊಟೇಟ್ ಕೊಟ್ವಿ. ಪ್ರಾಕ್ಸಿ ನಿಲ್ಲಲಿಲ್ಲ, ಜಾಗ ವಾಪಸ್ ಬಂತು.

ಇನ್ನು ರಿಪೇರಿ. ಹಿಂದೆ ಸರ್ವರ್ ನೋಡಿಕೊಳ್ತಿದ್ದವರು ಬರೆದ ಲಾಗ್‌ರೊಟೇಟ್ ಫೈಲಿನಲ್ಲಿ ಪೋಸ್ಟ್‌ರೊಟೇಟ್ ಭಾಗವೇ ಇರಲಿಲ್ಲ. ಅದೇ ರೊಟೇಟ್ ಕಮಾಂಡನ್ನ ಅಲ್ಲಿ ಸೇರಿಸಿದ್ವಿ. ಕಂಪ್ರೆಸ್ ಜೊತೆ ಡಿಲೇಕಂಪ್ರೆಸ್ ಹಾಕಿದ್ವಿ. ದಿನಕ್ಕೊಂದು ಫೈಲ್ ಲೆಕ್ಕದಲ್ಲಿ ರೊಟೇಟ್ 180 ಅಂತ ಇಟ್ಟ್ವಿ.

ಒಂದು ಎಚ್ಚರಿಕೆ. ಸ್ಕ್ವಿಡ್‌ಗೆ ತನ್ನದೇ ರೊಟೇಶನ್ ಇದೆ, ಲಾಗ್‌ಫೈಲ್ ರೊಟೇಟ್ ಅನ್ನೋ ಸೆಟ್ಟಿಂಗ್. ಮೂಲದಲ್ಲಿ ಅದು 10. ಲಾಗ್‌ರೊಟೇಟ್ ಬಳಸೋರು ಅದನ್ನ 0 ಮಾಡಬೇಕು, ಆಗ ಸ್ಕ್ವಿಡ್ ಹೆಸರು ಬದಲಿಸೋಕೆ ಹೋಗದೆ ಫೈಲ್ ಮುಚ್ಚಿ ಮತ್ತೆ ತೆರೆಯುತ್ತೆ ಅಷ್ಟೇ. ಇಲ್ಲಾಂದ್ರೆ ಇಬ್ಬರು ಗುಮಾಸ್ತರು ಒಂದೇ ಬೀರುವಿಗೆ ಕೈ ಹಾಕಿದ ಹಾಗೆ.

ಬದಲಾವಣೆ ಮಾಡಿದ ಮೇಲೆ ಲಾಗ್‌ರೊಟೇಟ್ ಮೈನಸ್ ಡಿ ಕೊಡಿ, ಏನನ್ನೂ ಮುಟ್ಟದೆ ಏನು ಮಾಡ್ತೀನಿ ಅಂತ ಮಾತ್ರ ಹೇಳುತ್ತೆ. ಮಾರನೇ ಬೆಳಿಗ್ಗೆ ಎಲ್‌ಎಸ್‌ಓಎಫ್ ಇನ್ನೊಮ್ಮೆ ಓಡಿಸಿ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಸಿಗೋಣ.