ಕೃಷಿ ವಿಡಿಯೋ ಮತ್ತು ನೋಡುಗರ ಮನಸ್ಸು

(ವಿಸ್ತರಣಾ ಕಾರ್ಯಕರ್ತರು ಹಾಗೂ ಪ್ರಗತಿಪರ ರೈತರಿಗಾಗಿ ಸಿದ್ಧಪಡಿಸಿದ ಭಾಷಣದ ಪಠ್ಯ)



ಅಡಿಕೆ ತೋಟದಲ್ಲಿ ಕೊಳೆರೋಗ ಕಾಣಿಸಿಕೊಂಡರೆ ಇಂದು ಅನೇಕ ಬೆಳೆಗಾರರು ಮೊದಲು ಮಾಡುವ ಕೆಲಸ ಜೇಬಿನಿಂದ ಮೊಬೈಲ್ ತೆಗೆದು ಯೂಟ್ಯೂಬಿನಲ್ಲಿ ಹುಡುಕುವುದು. ಅಲ್ಲಿ ಅವರಿಗೆ ಎರಡು ಬಗೆಯ ವಿಡಿಯೋಗಳು ಸಿಗುತ್ತವೆ. ಒಂದರಲ್ಲಿ ತಜ್ಞರು ಮೇಜಿನ ಹಿಂದೆ ಕುಳಿತು, ಎಲ್ಲರನ್ನೂ ಸ್ವಾಗತಿಸಿ, ರೋಗಾಣುವಿನ ಶಾಸ್ತ್ರೀಯ ಹೆಸರು ಹೇಳಿ, ಅದರ ಜೀವನಚಕ್ರವನ್ನು ವಿವರಿಸಿ, ಎಂಟನೆಯ ನಿಮಿಷಕ್ಕೆ ಔಷಧಿಯ ಪ್ರಮಾಣಕ್ಕೆ ಬರುತ್ತಾರೆ. ಇನ್ನೊಂದರಲ್ಲಿ ಯಾರೋ ಒಬ್ಬರು ಬಾಟಲಿ ಎತ್ತಿ ಹಿಡಿದು, ಒಂದೇ ಸಿಂಪರಣೆಗೆ ಕೊಳೆ ಮಾಯ ಎನ್ನುತ್ತಾರೆ. ಸರಿಯಾದುದು ಮೊದಲನೆಯದು, ಕೊನೆಯವರೆಗೆ ನೋಡಿಸಿಕೊಳ್ಳುವುದು ಎರಡನೆಯದು. ಮಳೆಗಾಲ ಮುಗಿಯುವಾಗ ಮರದ ಬುಡದಲ್ಲಿ ಉದುರಿಬಿದ್ದ ಹಸಿ ಅಡಿಕೆಯ ಲೆಕ್ಕ ಹಾಕಬೇಕಾದವನು ಮಾತ್ರ ಬೆಳೆಗಾರ. ಆದ್ದರಿಂದ ಸರಿಯಾದ ವಿಷಯವನ್ನು ಜನರು ನೋಡುವಂತೆ ಹೇಳುವುದು ಅಲಂಕಾರದ ಮಾತಲ್ಲ, ವಿಸ್ತರಣೆಯ ಕೆಲಸದ ಒಂದು ಭಾಗವೇ ಆಗಿದೆ. ಇದಕ್ಕೆ ಮನೋವಿಜ್ಞಾನದಿಂದ ಸಾಕಷ್ಟು ನೆರವು ದೊರೆಯುತ್ತದೆ.

ರೈತನು ಯಾರ ಮಾತನ್ನು ನಂಬುತ್ತಾನೆ ಎಂಬ ಪ್ರಶ್ನೆ ಹಳೆಯದು. ಅಮೆರಿಕದ ಅಯೋವಾ ಸಂಸ್ಥಾನದಲ್ಲಿ ಹೈಬ್ರಿಡ್ ಮುಸುಕಿನ ಜೋಳ ಹೇಗೆ ಹರಡಿತೆಂಬುದನ್ನು ರಯಾನ್ ಮತ್ತು ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು ಅಭ್ಯಸಿಸಿ 1943ರಲ್ಲಿ ಪ್ರಕಟಿಸಿದರು. ಹೊಸ ಬೀಜದ ಸುದ್ದಿ ಹೆಚ್ಚಿನ ರೈತರಿಗೆ ಮೊದಲು ಮುಟ್ಟಿದ್ದು ಬೀಜ ಮಾರುವವರಿಂದ. ಆದರೆ ಬಿತ್ತುವ ತೀರ್ಮಾನಕ್ಕೆ ಬಂದಾಗ ಅವರು ಹೆಚ್ಚು ಬೆಲೆ ಕೊಟ್ಟಿದ್ದು ನೆರೆಹೊರೆಯವರ ಅನುಭವಕ್ಕೆ. ಸುದ್ದಿ ತಿಳಿಸುವವನು ಬೇರೆ, ಧೈರ್ಯ ಕೊಡುವವನು ಬೇರೆ.

ಇದೇ ಸಂಗತಿ ವಿಡಿಯೋದಲ್ಲಿಯೂ ನಿಜವೆಂಬುದು ನಮ್ಮ ರಾಜ್ಯದಲ್ಲಿಯೇ ಕಂಡುಬಂದಿದೆ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಡಿಜಿಟಲ್ ಗ್ರೀನ್ ಎಂಬ ಪ್ರಯೋಗ ಆರಂಭವಾಯಿತು. ಗ್ರೀನ್ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆ ಜೊತೆಗೂಡಿತು. ಸ್ಥಳೀಯ ರೈತರೇ ತಮ್ಮ ಹೊಲದಲ್ಲಿ ಕೆಲಸ ಮಾಡಿ ತೋರಿಸುವ ಚಿತ್ರಗಳನ್ನು ತೆಗೆದು, ಸಂಜೆ ಹೊತ್ತು ಊರವರನ್ನು ಸೇರಿಸಿ ತೋರಿಸಿ, ನಡುನಡುವೆ ನಿಲ್ಲಿಸಿ ಚರ್ಚೆ ಮಾಡಿಸಲಾಗುತ್ತಿತ್ತು. 16 ಹಳ್ಳಿಗಳಲ್ಲಿ 13 ತಿಂಗಳು ನಡೆದ ಪರೀಕ್ಷೆಯಲ್ಲಿ, ಕೆಲವು ಬೇಸಾಯ ಪದ್ಧತಿಗಳ ಅಳವಡಿಕೆ ಹಳೆಯ ತರಬೇತಿ-ಭೇಟಿ ಪದ್ಧತಿಗಿಂತ ಸುಮಾರು 7 ಪಟ್ಟು ಹೆಚ್ಚಿತು. ಚಿತ್ರ ನೋಡಿದವರು ಸಾಮಾನ್ಯವಾಗಿ ಮೊದಲು ಕೇಳುತ್ತಿದ್ದುದು ಗೊಬ್ಬರದ ಪ್ರಮಾಣವನ್ನಲ್ಲ. ಆ ರೈತನ ಹೆಸರೇನು, ಯಾವ ಊರಿನವನು ಎಂಬುದನ್ನು.

ಈ ಪ್ರಶ್ನೆಯಲ್ಲಿ ಬಹಳ ಅರ್ಥವಿದೆ. ತನ್ನಂತಹ ಇನ್ನೊಬ್ಬನು ಒಂದು ಕೆಲಸ ಮಾಡಿ ಗೆದ್ದುದನ್ನು ಕಂಡಾಗ ತನ್ನಿಂದಲೂ ಅದು ಆದೀತೆಂಬ ವಿಶ್ವಾಸ ಹುಟ್ಟುತ್ತದೆ ಎಂದು ಆಲ್ಬರ್ಟ್ ಬಂಡೂರಾ ಎಂಬ ಮನೋವಿಜ್ಞಾನಿ 1977ರಲ್ಲಿ ಬರೆದರು. ಇಲ್ಲಿ ‘ತನ್ನಂತಹ’ ಎಂಬ ಮಾತು ಮುಖ್ಯ. ಐವತ್ತು ಎಕರೆ, ಮೂರು ಕೊಳವೆಬಾವಿ, ಸ್ವಂತ ಟ್ರಾಕ್ಟರ್ ಇರುವವರ ತೋಟವನ್ನು ತೋರಿಸಿದರೆ ಎರಡೆಕರೆ ಖುಷ್ಕಿಯವನು ಬೆರಗಿನಿಂದ ನೋಡಿಯಾನು; ಮಾಡಲು ಹೊರಡುವುದಿಲ್ಲ. ಆದ್ದರಿಂದ ವಿಡಿಯೋದಲ್ಲಿ ರೈತನ ಊರು, ಜಮೀನಿನ ವಿಸ್ತೀರ್ಣ, ನೀರಿನ ಅನುಕೂಲ, ಖರ್ಚು ಇವು ಮೊದಲ ಅರ್ಧ ನಿಮಿಷದೊಳಗೆ ತಿಳಿಯಬೇಕು. ಮಾತೂ ಅವನದೇ ಇರಲಿ. ಕಲಬುರಗಿಯ ತೊಗರಿ ಬೆಳೆಗಾರನು ಬರೆದುಕೊಟ್ಟ ಗ್ರಾಂಥಿಕ ಭಾಷೆಯನ್ನು ಒಪ್ಪಿಸುತ್ತಿದ್ದರೆ ಅವನ ಪಕ್ಕದ ಊರಿನವನೇ ಅವನನ್ನು ನಂಬಲಾರ. ಹೆಣ್ಣುಮಕ್ಕಳು ಮಾಡುವ ಕೆಲಸವನ್ನು ಗಂಡಸರಿಂದ ಹೇಳಿಸುವ ಅಭ್ಯಾಸವನ್ನೂ ಬಿಡಬೇಕು. ಕಳೆ ತೆಗೆಯುವ, ಬೀಜೋಪಚಾರ ಮಾಡುವ, ಹಸು ಸಾಕುವ ಕೈಗಳೇ ತೆರೆಯ ಮೇಲೆ ಬರಲಿ.

ಇನ್ನು ಆರಂಭದ ವಿಷಯ. ಸಭೆಯಲ್ಲಿ ಕುಳಿತ ರೈತನು ಬೇಸರವಾದರೂ ಮರ್ಯಾದೆಗಾಗಿ ಕುಳಿತಿರುತ್ತಾನೆ. ಮೊಬೈಲಿನ ಮುಂದೆ ಆ ದಾಕ್ಷಿಣ್ಯ ಇಲ್ಲ, ಬೆರಳು ಆಡಿಸಿದರೆ ಮುಗಿಯಿತು. ಸ್ವಾಗತ, ವಂದನೆ, ಸಂಸ್ಥೆಯ ಲಾಂಛನ ಇವೆಲ್ಲ ಹಿಂದಕ್ಕೆ ಹೋಗಬೇಕು. ತನಗೆ ತಿಳಿದಿರುವುದಕ್ಕೂ ತಿಳಿಯಬೇಕೆನಿಸಿದ್ದಕ್ಕೂ ನಡುವೆ ಒಂದು ಬಿರುಕು ಕಂಡಾಗ ಮನಸ್ಸು ಅದನ್ನು ಮುಚ್ಚಲು ಹಾತೊರೆಯುತ್ತದೆ. ಕುತೂಹಲವೆಂದರೆ ಇದೇ ಎಂದು ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ವಿವರಿಸಿದರು. ಬಿರುಕು ತೀರ ದೊಡ್ಡದಾದರೂ ಪ್ರಯೋಜನವಿಲ್ಲ. ಏನೂ ತಿಳಿಯದ ವಿಷಯದಲ್ಲಿ ಯಾರಿಗೂ ಕುತೂಹಲ ಹುಟ್ಟುವುದಿಲ್ಲ.

ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬೆಳೆಗಾರರಿಗೆ ಅದು ಗೊತ್ತಿಲ್ಲದ್ದೇನೂ ಅಲ್ಲ. ವಿಡಿಯೋವನ್ನು ಹೀಗೆ ಆರಂಭಿಸಿ ನೋಡಿ: ನೀಲಿ ದ್ರಾವಣ ತುಂಬಿದ ಪ್ಲಾಸ್ಟಿಕ್ ಡ್ರಮ್ಮು. ಅದರೊಳಗೆ ಒಂದು ಹೊಳೆಯುವ ಕಬ್ಬಿಣದ ಚಾಕು ಇಳಿಯುತ್ತದೆ. ಒಂದು ನಿಮಿಷದ ನಂತರ ಹೊರತೆಗೆದರೆ ಅಲಗಿನ ಮೇಲೆ ಕೆಂಪು ಲೇಪ. ‘ಈ ದ್ರಾವಣ ಹೊಡೆದರೆ ಸಿಂಗಾರ, ಕಾಯಿ ಸುಡುತ್ತದೆ. ತಪ್ಪು ಎಲ್ಲಾಯಿತು?’ ಎಂದು ಬೆಳೆಗಾರನೇ ಕೇಳುತ್ತಾನೆ. ನಿಮಿಷವಿಡೀ ಕಾಯುವುದನ್ನು ತೋರಿಸಬೇಕಿಲ್ಲ, ಕತ್ತರಿಸಬಹುದು. ಇಷ್ಟು ನೋಡಿದವರು ಉತ್ತರ ಕೇಳದೆ ಹೋಗುವುದು ಕಷ್ಟ. ಉತ್ತರ ಸುಲಭವಾಗಿಯೇ ಇದೆ: ಸುಣ್ಣ ಕಡಿಮೆಯಾಗಿ ಮೈಲುತುತ್ತದ ತಾಮ್ರ ಹಾಗೆಯೇ ಉಳಿದಿದೆ. ಚಾಕು ಕೆಂಪಾಗದಿರುವವರೆಗೆ ಸುಣ್ಣದ ತಿಳಿ ಸೇರಿಸಬೇಕು. ಅನಂತರ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ಮೈಲುತುತ್ತದ ದ್ರಾವಣವನ್ನು ಸುಣ್ಣದ ತಿಳಿಗೆ ನಿಧಾನವಾಗಿ ಸುರಿಯುತ್ತ ಕಲಕುವುದನ್ನು ತೋರಿಸಿದರೆ ಪ್ರತಿ ಹೆಜ್ಜೆಗೂ ಒಂದು ಕಾರಣ ಸಿಕ್ಕಂತಾಗುತ್ತದೆ.

ಇಲ್ಲಿ ಇನ್ನೊಂದು ಸ್ವಭಾವವೂ ಕೆಲಸ ಮಾಡುತ್ತದೆ. ನೂರು ರೂಪಾಯಿ ಲಾಭದ ಸಂತೋಷಕ್ಕಿಂತ ನೂರು ರೂಪಾಯಿ ನಷ್ಟದ ನೋವು ಮನುಷ್ಯನಿಗೆ ಹೆಚ್ಚೆಂದು ಕಾನೆಮನ್ ಮತ್ತು ಟ್ವೆರ್‌ಸ್ಕಿ 1979ರಲ್ಲಿ ತೋರಿಸಿದರು. ‘ಇಳುವರಿ ಹೆಚ್ಚಿಸಿ’ ಎನ್ನುವುದಕ್ಕಿಂತ ‘ಇರುವ ಗೊನೆ ಉಳಿಸಿಕೊಳ್ಳಿ’ ಎಂಬ ಮಾತು ಕಿವಿಗೆ ಬೇಗ ಬೀಳುತ್ತದೆ. ಆದರೆ ಇದು ಖಾರದ ಪುಡಿಯಿದ್ದಂತೆ. ಪ್ರತಿ ವಿಡಿಯೋದಲ್ಲಿಯೂ ಬೆಳೆ ನಾಶದ ಭಯ ಹುಟ್ಟಿಸುವವರನ್ನು ಜನ ಬೇಗ ಕಡೆಗಣಿಸುತ್ತಾರೆ. ಭಯಪಟ್ಟವರು ಬೇಕಿಲ್ಲದ ಔಷಧಿಯನ್ನೂ ಹೊಡೆದಾರು.

ಉದ್ದ ಎಷ್ಟಿರಬೇಕು? ಎಡೆಕ್ಸ್ ಎಂಬ ಅಂತರ್ಜಾಲ ಪಾಠಮಾಲೆಯ ಸುಮಾರು 69 ಲಕ್ಷ ವೀಕ್ಷಣೆಗಳನ್ನು 2014ರಲ್ಲಿ ಪರಿಶೀಲಿಸಿದಾಗ, ವಿಡಿಯೋ ಎಷ್ಟೇ ಉದ್ದವಿರಲಿ, ವಿದ್ಯಾರ್ಥಿಗಳು ಸಾಮಾನ್ಯವಾಗಿ 6 ನಿಮಿಷ ದಾಟುತ್ತಿರಲಿಲ್ಲವೆಂದು ಕಂಡಿತು. ಅವರು ಕಲಿಯಲೆಂದೇ ಬಂದವರು! ಮನಸ್ಸು ಒಂದೇ ಬಾರಿಗೆ ಹಿಡಿದಿಟ್ಟುಕೊಳ್ಳುವುದು ಮೂರು-ನಾಲ್ಕು ಹೊಸ ಅಂಶಗಳನ್ನು ಮಾತ್ರ ಎಂಬುದು ಈಗಿನ ತಿಳಿವಳಿಕೆ. ಸಸಿಮಡಿಯಿಂದ ಮಾರಾಟದವರೆಗೆ ಎಲ್ಲವನ್ನೂ ಒಂದೇ ವಿಡಿಯೋದಲ್ಲಿ ತುಂಬುವುದು ಬೇಡ. ಒಂದು ವಿಡಿಯೋ, ಒಂದು ಕೆಲಸ. ಪ್ರಮಾಣದ ಅಂಕಿಗಳು ಮಾತ್ರ ದೊಡ್ಡ ಅಕ್ಷರದಲ್ಲಿ ತೆರೆಯ ಮೇಲೆ ಬರಲಿ. ಆಡಿದ ಮಾತನ್ನೆಲ್ಲ ಬರೆದು ತೋರಿಸಿದರೆ ಕಣ್ಣು ಅಕ್ಷರದ ಮೇಲೆ ಹೋಗಿ ಕೈಯ ಕೆಲಸ ತಪ್ಪಿಹೋಗುತ್ತದೆ. ಕಸಿ ಕಟ್ಟುವಂತಹ ನಾಜೂಕಿನ ಕೆಲಸವನ್ನು ಎದುರಿನಿಂದ ಚಿತ್ರಿಸದೆ ಕೆಲಸಗಾರನ ಭುಜದ ಹಿಂದಿನಿಂದ ಚಿತ್ರಿಸಿದರೆ, ನೋಡುವವರಿಗೆ ಎಡ-ಬಲದ ಗೊಂದಲವಿರುವುದಿಲ್ಲ.

ಹೆಚ್ಚಿನವರು ಕ್ಯಾಮೆರಾಗೆ ಹಣ ಹಾಕಿ ಧ್ವನಿಯನ್ನು ಮರೆಯುತ್ತಾರೆ. ಒಂದೇ ಭಾಷಣವನ್ನು ಒಳ್ಳೆಯ ಧ್ವನಿಯಲ್ಲಿಯೂ ಕೆಟ್ಟ ಧ್ವನಿಯಲ್ಲಿಯೂ ಕೇಳಿಸಿದಾಗ, ಕೆಟ್ಟದ್ದನ್ನು ಕೇಳಿದವರು ಭಾಷಣಕಾರನ ಯೋಗ್ಯತೆಯನ್ನೇ ಕಡಿಮೆ ಎಣಿಸಿದರೆಂದು 2018ರಲ್ಲಿ ಪ್ರಕಟವಾದ ಪ್ರಯೋಗಗಳು ತಿಳಿಸುತ್ತವೆ. ಪಂಪ್‌ಸೆಟ್ಟಿನ ಸದ್ದು, ಗಾಳಿಯ ಸದ್ದು ಸಲಹೆಯ ಬೆಲೆಯನ್ನೇ ಇಳಿಸುತ್ತವೆ. ಅಂಗಿಗೆ ಸಿಕ್ಕಿಸುವ ಒಂದು ಚಿಕ್ಕ ಮೈಕ್ ಇದ್ದರೆ ಸಾಕು.

ಥಂಬ್‌ನೇಲ್ ಎಂದು ಕರೆಯುವ ಮುಖಚಿತ್ರದಲ್ಲಿ ಒಂದು ಹೇಳಿ ಒಳಗೆ ಇನ್ನೊಂದು ತೋರಿಸುವ ಚಾಳಿ ವಿಪರೀತವಾಗಿದೆ. ಯೂಟ್ಯೂಬ್ 2012ರಿಂದಲೇ ಎಷ್ಟು ಜನ ಒತ್ತಿದರೆಂಬುದಕ್ಕಿಂತ ಎಷ್ಟು ಹೊತ್ತು ನೋಡಿದರೆಂಬುದಕ್ಕೆ ಮಹತ್ವ ಕೊಡಲು ತೊಡಗಿತು. ಮೋಸ ಹೋಗಿ ಬಂದವರು ಬೇಗ ಹಿಂದಿರುಗುತ್ತಾರೆ. ಅದಕ್ಕಿಂತ ಮುಖ್ಯವಾಗಿ, ರೈತನು ಕಳೆದುಕೊಳ್ಳುವುದು ಹತ್ತು ನಿಮಿಷವನ್ನಲ್ಲ, ಒಂದು ಹಂಗಾಮನ್ನು. ಸಿಂಪರಣೆಯ ಬೆನ್ನಿಗೇ ಜೋರು ಮಳೆ ಬಂದರೆ ಫಲ ಕಡಿಮೆ ಎಂಬಂತಹ ಮಿತಿಗಳನ್ನು ಮುಚ್ಚಿಡದೆ ಹೇಳಬೇಕು.

ವಿಡಿಯೋ ಹಾಕಿದ ಮೇಲೆ ನೋಡುಗರು ಯಾವ ನಿಮಿಷದಲ್ಲಿ ಎದ್ದು ಹೋದರೆಂಬುದನ್ನು ಯೂಟ್ಯೂಬಿನ ಅಂಕಿಅಂಶ ಪುಟದ ಗೆರೆಯೇ ತೋರಿಸುತ್ತದೆ. ಗೆರೆ ಧಡಕ್ಕನೆ ಕುಸಿದ ಜಾಗದಲ್ಲಿ ಏನಿತ್ತೆಂದು ನೋಡಿದರೆ ಮುಂದಿನದನ್ನು ತಿದ್ದಬಹುದು. ಬಹಳ ಸಲ ಅಲ್ಲಿ ಯಾರದೋ ಪರಿಚಯ ಭಾಷಣವಿರುತ್ತದೆ. ಬೋರ್ಡೋ ವಿಡಿಯೋವನ್ನು ಮುಂಗಾರಿಗೆ ಎರಡು ವಾರ ಮೊದಲೇ, ಮೈಲುತುತ್ತ ಕೊಳ್ಳುವ ಹೊತ್ತಿಗೆ ಹಾಕಬೇಕು. ಪ್ರಮಾಣಗಳನ್ನು ಕೆಳಗಿನ ವಿವರಣೆಯಲ್ಲಿಯೂ ಬರೆದಿಡಬೇಕು. ಮೊದಲ ಸಿಂಪರಣೆಯಾದ 40-45 ದಿನಕ್ಕೆ ಎರಡನೆಯದು ಬರುತ್ತದೆ. ಅಷ್ಟರೊಳಗೆ ಕಾಮೆಂಟಿನಲ್ಲಿ ಬೆಳೆಗಾರರು ಕೇಳಿದ ಪ್ರಶ್ನೆಗಳನ್ನು ಆರಿಸಿ, ಕೇಳಿದವರ ಊರಿನ ಹೆಸರು ಹೇಳಿ, ಅದೇ ತೋಟದಲ್ಲಿ ನಿಂತು ಉತ್ತರಿಸುವ ಎರಡನೆಯ ವಿಡಿಯೋ ಸಿದ್ಧವಾಗಿರಬೇಕು.