ಕನ್ನಡದ ತಾಯಿ, ಗುರ್ಜರದ ಬಾಲಚಕ್ರವರ್ತಿ



ಇಂದು ಎಲ್ಲರ ಕೈಯಲ್ಲಿ ಓಡಾಡುವ 100 ರೂಪಾಯಿಯ ನೋಟಿನ ಹಿಂಬದಿಯಲ್ಲಿ ಪಾಟಣದ ‘ರಾಣಿ ಕೀ ವಾವ್’ ಎಂಬ ಮೆಟ್ಟಿಲುಬಾವಿಯ ಚಿತ್ರವಿದೆ. ಅದನ್ನು ಕಟ್ಟಿಸಿದವಳು ಸೋಳಂಕಿ ವಂಶದ ಭೀಮದೇವನ ರಾಣಿ ಉದಯಮತಿ. ಆಕೆಯ ಸೊಸೆ ಕನ್ನಡ ನಾಡಿನವಳೆಂಬುದು ಗುಜರಾತಿನಲ್ಲಿ ನೆಲೆಸಿರುವ ಕನ್ನಡ ಮನೆತನಗಳಿಗೂ ಅಷ್ಟಾಗಿ ತಿಳಿದಂತಿಲ್ಲ.

ಸೊಸೆಯ ಹೆಸರು ಮಯಣಲ್ಲದೇವಿ. ಗುಜರಾತಿಗಳ ಬಾಯಲ್ಲಿ ಮೀನಳದೇವಿ. ಗೋವೆಯ ಕದಂಬ ಅರಸು ಜಯಕೇಶಿಯ ಮಗಳು. ಕರ್ಣದೇವನು ಆಕೆಯ ರೂಪವನ್ನು ಮೆಚ್ಚದೆ ವಿವಾಹಕ್ಕೆ ಒಪ್ಪದಿರಲು, ಉದಯಮತಿಯೇ ಪ್ರಾಣತ್ಯಾಗಕ್ಕೆ ಸಿದ್ಧಳಾಗಿ ಮಗನನ್ನು ಒಪ್ಪಿಸಿದಳೆಂದು ‘ಪ್ರಬಂಧಚಿಂತಾಮಣಿ’ಯಲ್ಲಿ ಮೇರುತುಂಗನು ಹೇಳುತ್ತಾನೆ. ಹೇಮಚಂದ್ರಾಚಾರ್ಯರಾದರೋ ಚಿತ್ರಪಟವನ್ನು ಕಂಡೇ ಅರಸನು ಮೋಹಗೊಂಡನೆಂದಿದ್ದಾರೆ. ರಾಜಾಶ್ರಯದಲ್ಲಿದ್ದವರು ಬೇರೇನು ಬರೆದಾರು!

ಇವರ ಪುತ್ರನೇ ಮುಂದೆ ‘ಸಿದ್ಧಚಕ್ರವರ್ತಿ’ ಎನಿಸಿದ ಜಯಸಿಂಹ. ಮೂರು ವರ್ಷದ ಕೂಸು ಆಟವಾಡುತ್ತ ಸಿಂಹಾಸನವನ್ನೇರಿ ಕುಳಿತಿತು. ಅದೇ ಶುಭಮುಹೂರ್ತವೆಂದರಿತು ತಂದೆ ಪಟ್ಟ ಕಟ್ಟಿದನಂತೆ. ಅದು 1094ರ ಸುಮಾರು. ಮಗ ಪ್ರಾಯಕ್ಕೆ ಬರುವವರೆಗೆ ರಾಜ್ಯದ ಹೊಣೆಯಲ್ಲಿ ತಾಯಿಯ ಪಾಲು ದೊಡ್ಡದು.

ಆ ತಾಯಿ ಸೋಮನಾಥ ಯಾತ್ರೆಗೆ ಹೊರಟಳು. ಬಾಹುಲೋಡವೆಂಬಲ್ಲಿ ಯಾತ್ರಿಕರಿಂದ ಸುಂಕ ವಸೂಲಾಗುತ್ತಿತ್ತು. ತೆರಲಾರದ ಬಡವರು ಕಣ್ಣೀರಿಡುತ್ತ ದೇವದರ್ಶನವಿಲ್ಲದೆ ಹಿಂದಿರುಗುತ್ತಿದ್ದರು. ಅದನ್ನು ಕಂಡ ರಾಣಿ ತಾನೂ ಹಿಂದಿರುಗಿದಳು. ಸುಂಕ ನಿಲ್ಲುವವರೆಗೆ ಸೋಮೇಶ್ವರನ ದರ್ಶನವೂ ಇಲ್ಲ, ಅನ್ನವೂ ಇಲ್ಲವೆಂದಳು. ಅಧಿಕಾರಿಗಳು ಲೆಕ್ಕ ತೋರಿಸಿದರು: ಆದಾಯ 72 ಲಕ್ಷ. ಜಯಸಿಂಹನು ಆ ಪತ್ರವನ್ನೇ ಹರಿದುಹಾಕಿ, ತಾಯಿಯ ಕೈಗೆ ನೀರೆರೆದು ಅದರ ಪುಣ್ಯವನ್ನು ಆಕೆಗೆ ಧಾರೆಯೆರೆದನು.

ಮೇರುತುಂಗನು ಕಥೆಯನ್ನು ಅಲ್ಲಿಗೇ ಬಿಡುವುದಿಲ್ಲ. ಸೋಮನಾಥದಲ್ಲಿ ತುಲಾಪುರುಷಾದಿ ದಾನಗಳನ್ನು ಮಾಡಿದ ರಾಣಿಗೆ ತನ್ನಂಥ ಪುಣ್ಯವತಿ ಇಲ್ಲವೆಂಬ ಗರ್ವ ಬಂದಿತು. ಕನಸಿನಲ್ಲಿ ದೇವರು ಒಬ್ಬ ಭಿಕ್ಷುಕ ಯಾತ್ರಿಕಳನ್ನು ತೋರಿಸಿ, ಅವಳ ಪುಣ್ಯವನ್ನು ಬೇಡೆಂದನು. ಅವಳು ಕೊಡಲೊಪ್ಪಲಿಲ್ಲ. ಮಾಡಿದ್ದೇನೆಂದು ಕೇಳಿದರೆ, ಭಿಕ್ಷೆ ಬೇಡುತ್ತ ದೂರದಿಂದ ನಡೆದು ಬಂದು ಉಪವಾಸವಿದ್ದಳು. ಪಾರಣೆಯ ದಿನ ಸಿಕ್ಕಿದ್ದು ತುಸು ಹಿಂಡಿ. ಅದರಲ್ಲಿಯೇ ಒಂದು ಪಾಲು ದೇವರಿಗೆ, ಒಂದು ಪಾಲು ಅತಿಥಿಗೆ, ಉಳಿದುದು ತನಗೆ.

1125ರಲ್ಲಿ ಅರಸನ ಸಭೆಯಲ್ಲಿ ಶ್ವೇತಾಂಬರ ದೇವಸೂರಿಗೂ ಕರ್ಣಾಟಕದ ದಿಗಂಬರ ವಿದ್ವಾಂಸ ಕುಮುದಚಂದ್ರನಿಗೂ ವಾದ ನಡೆಯಿತು. ರಾಜಮಾತೆಯ ಒಲವು ತವರಿನ ಪಂಡಿತನ ಕಡೆಗೆ. ಆದರೆ ಸ್ತ್ರೀಯರಿಗೆ ಮೋಕ್ಷವಿಲ್ಲವೆಂಬುದು ಆತನ ಪಕ್ಷವೆಂದು ತಿಳಿದೊಡನೆ ಆ ಒಲವನ್ನು ಬಿಟ್ಟಳಂತೆ. ಗೆದ್ದವನು ದೇವಸೂರಿ.

ಮಗನ ನ್ಯಾಯಕ್ಕೆ ಪರಮತದವರ ಸಾಕ್ಷಿಯೂ ಉಂಟು. ಖಂಭಾತದಲ್ಲಿ ಮಸೀದಿಯೊಂದನ್ನು ಸುಟ್ಟು ಮುಸ್ಲಿಮರನ್ನು ಕೊಂದಾಗ, ಅರಸನು ವೇಷ ಮರೆಸಿ ಒಂಟೆಯೇರಿ ಹೋಗಿ ತಾನೇ ವಿಚಾರಿಸಿದನು. ಹೋಗಿದ್ದಕ್ಕೆ ಗುರುತಾಗಿ ಸಮುದ್ರದ ನೀರನ್ನು ತಂದು ಸಭೆಯಲ್ಲಿ ತೋರಿಸಿದನು. ತಪ್ಪಿತಸ್ಥರನ್ನು ದಂಡಿಸಿ, ಮಸೀದಿಯ ಪುನರ್ನಿರ್ಮಾಣಕ್ಕೆ ಹಣ ಕೊಟ್ಟನೆಂದು 13ನೆಯ ಶತಮಾನದ ಪಾರಸಿ ಲೇಖಕ ಔಫಿ ಬರೆದಿದ್ದಾನೆ.

ಮಾಳವವನ್ನು ಗೆದ್ದ, ಪಾಟಣದಲ್ಲಿ ಸಹಸ್ರಲಿಂಗ ಸರೋವರವನ್ನು ಕಟ್ಟಿಸಿದ ಇವನನ್ನು ಜನಪದರು ಸುಮ್ಮನೆ ಹೊಗಳಿಲ್ಲ. ಜೂನಾಗಢದ ರಾಣಕದೇವಿಯ, ಮಣ್ಣು ಹೊರುವ ಜಸಮಾ ಓಡಣಳ ಕಥೆಗಳಲ್ಲಿ ಇವನೇ ಪರಸ್ತ್ರೀಯರನ್ನು ಪೀಡಿಸಿದ ಅರಸು. ಅವು ಇತಿಹಾಸವಲ್ಲದಿರಬಹುದು, ಆದರೂ ಪ್ರಜೆಗಳ ನೆನಪೆಂದು ಅವನ್ನು ಪಕ್ಕಕ್ಕೆ ಸರಿಸುವಂತಿಲ್ಲ.

ತಾಯಿಯ ಬಗೆಗೆ ಅಂತಹ ಮಾತಿಲ್ಲ. ಅಹಮದಾಬಾದಿನಿಂದ ಸುಮಾರು 40 ಕಿಲೋಮೀಟರು ದೂರದ ಧೋಳಕಾದಲ್ಲಿ ಆಕೆ ಕಟ್ಟಿಸಿದಳೆನ್ನುವ ಮಲಾವ ಕೆರೆ ಇದೆ. ಕೆರೆಯ ಅಂಚಿಗೆ ಅಡ್ಡವಾಗಿದ್ದ ಮನೆಯನ್ನು ಒಬ್ಬ ಗಣಿಕೆ ಎಷ್ಟು ಹಣಕ್ಕೂ ಮಾರಲೊಪ್ಪಲಿಲ್ಲ. ಬಲವಂತ ಬೇಡವೆಂದು ರಾಣಿ ಅಪ್ಪಣೆಯಿತ್ತಳು. ನ್ಯಾಯವನ್ನು ನೋಡಬೇಕಾದರೆ ಮಲಾವವನ್ನು ನೋಡೆಂದು ಅಲ್ಲಿಯ ಜನರು ಆಡಿಕೊಳ್ಳುವುದು ಈ ಕಾರಣಕ್ಕೆ. ಸ್ಯಾಟಲೈಟ್‌ನಿಂದ ಸರಖೇಜಿನ ಕಡೆಗೆ ಹೊರಟವರು ಅರ್ಧ ದಿನದಲ್ಲಿ ನೋಡಿಬರಬಹುದು.